ಗೊಂಬೆಗೆ ಇಟ್ಟ ಹೆಸರು

ಮೈಬಣ್ಣ ಆರು. ಕೂದಲು ಹದಿನಾಲ್ಕು ಬಗೆ, ಕಣ್ಣು ಒಂಬತ್ತು ಬಗೆ, ಉಡುಪು ಇಪ್ಪತ್ತೆರಡು. ಗುಣಿಸಿದರೆ ಹದಿನಾರು ಸಾವಿರದ ಆರುನೂರ ಮೂವತ್ತೆರಡು ಹುಡುಗಿಯರು. ಅಷ್ಟು ಜನರಲ್ಲಿ ಒಬ್ಬಳೂ ನನ್ನ ಹಾಗಿರಲಿಲ್ಲ.

ಈ ಗುಣಾಕಾರವನ್ನು ನಾನು ಮಾಡಿದ್ದು ಚಾಂದಪಾಶಾ ಅವರ ಇಂಟರ್ನೆಟ್ ಸೆಂಟರಿನಲ್ಲಿ, ಸೀರೆ ಅಂಗಡಿಯ ಚೀಟಿಯ ಬೆನ್ನ ಮೇಲೆ. 2006ರ ಫೆಬ್ರವರಿ. ಕಲಬುರಗಿಯ ಗಾಜಿಪುರ ಬಡಾವಣೆಯ ಮುಕುಂದನ ಜೊತೆ ನನ್ನ ಲಗ್ನ ನಿಶ್ಚಯವಾಗಿ ಹದಿನೈದು ದಿನವಾಗಿತ್ತು. ಅವನು ಅಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕ. ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ ನಮ್ಮೂರು ಕಮಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅವನ ತಂಗಿ ವನಮಾಲಾ ಪಿಯುಸಿ ಓದುವ ಹುಡುಗಿ. ಸೀರೆ ಆರಿಸುವ ನೆಪದಲ್ಲಿ ನನ್ನನ್ನು ಊರಿನ ದೊಡ್ಡ ಬಜಾರು ಸೂಪರ್ ಮಾರ್ಕೆಟಿಗೆ ಕರೆತಂದು, ಆಮೇಲೆ ಹಿಂದಿನ ಗಲ್ಲಿಯ ಈ ಸೆಂಟರಿಗೆ ಎಳೆದುಕೊಂಡು ಬಂದಿದ್ದಳು.

"ವೈನಿ, ಒಂದು ಆಟ ಅದ. ಗೊಂಬಿ ಮಾಡೋದು. ನಮಗ ಹೆಂಗ ಬೇಕೋ ಹಂಗ."

ಪರದೆಯ ಮೇಲೆ ಬೋಳು ತಲೆಯ, ಒಳಉಡುಪಿನ ಒಂದು ಗೊಂಬೆ ಕಣ್ಣು ಮಿಟುಕಿಸುತ್ತ ನಿಂತಿತ್ತು. ಬದಿಯಲ್ಲಿ ಸಾಲಾಗಿ ಬಣ್ಣ, ಕೂದಲು, ಅಂಗಿ, ಚಪ್ಪಲಿ. ಒತ್ತಿದರೆ ಗೊಂಬೆಗೆ ಅಂಟಿಕೊಳ್ಳುತ್ತಿದ್ದವು. ಆರನೆಯ ಮೈಬಣ್ಣ ಹಾಲು ಹೆಚ್ಚಾದ ಚಹಾದ್ದು. ನನ್ನದು ಡಿಕಾಕ್ಷನ್ನಿಗೆ ಹತ್ತಿರ. ಜಡೆ ಇತ್ತು, ಆದರೆ ಎರಡು ಜಡೆ. ಸೀರೆ ಇರಲೇ ಇಲ್ಲ. ಕನ್ನಡಕವನ್ನು ಬಹಳ ಹುಡುಕಿದ ಮೇಲೆ ಟೋಪಿಗಳ ನಡುವೆ ಕಂಡೆ.

ನಾನು ಆರನೆಯ ಬಣ್ಣ, ಕನ್ನಡಕ, ನೀಲಿ ಲಂಗ ಹಾಕಿದೆ. ವನಮಾಲಾ ಮುಖ ಕಿವಿಚಿದಳು.

"ಅಯ್ಯ, ಮಾಸ್ತರತಿ ಆದಳಲ್ರೀ."

"ನಾ ಮಾಸ್ತರತೀನೇ ಅದೀನಿ."

"ಆಟದಾಗೂ ಯಾಕ?"

ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಿಜ ಹೇಳಬೇಕೆಂದರೆ ಆಟ ನನಗೆ ಹಿಡಿಸಿತು. ಆಮೇಲೆ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಒಂದು ತಾಸು ಬಸ್ಸಿನಲ್ಲಿ ಕುಳಿತು ಕಲಬುರಗಿಗೆ ಬಂದಾಗಲೆಲ್ಲ, ದರ್ಜಿಯ ಕೆಲಸವೋ ಬಳೆಯ ಕೆಲಸವೋ ಮುಗಿದ ಮೇಲೆ ಅರ್ಧ ತಾಸು ಅಲ್ಲಿ ಕೂರುತ್ತಿದ್ದೆ. ನಮ್ಮ ಹೆಡ್‌ಮಾಸ್ತರರನ್ನು ಮಾಡಿದೆ. ಅವರಿಗೆ ಕೆಂಪು ಬೂಟು ಹಾಕಿದೆ. ನಮ್ಮ ಅವ್ವನಿಗೆ ಕತ್ತರಿಸಿದ ಕೂದಲು ಇಟ್ಟು ನೋಡಿ ಒಬ್ಬಳೇ ನಕ್ಕೆ. ನನ್ನ ಗೊಂಬೆಯನ್ನು ಮಾತ್ರ ಹೆಚ್ಚು ಬದಲಿಸಲಿಲ್ಲ. ಅದಕ್ಕೆ ನನ್ನದೇ ಹೆಸರು ಇಟ್ಟಿದ್ದೆ: ತುಳಜಾ.

ಅದು ನನ್ನ ಅಜ್ಜಿಯ ಹೆಸರು. ಅಪ್ಪ ತನ್ನ ತಾಯಿ ತೀರಿಕೊಂಡ ವರ್ಷ ಹುಟ್ಟಿದ ಮಗಳಿಗೆ ಅದನ್ನೇ ಇಟ್ಟಿದ್ದ. ಕಾಲೇಜಿನಲ್ಲಿ ಗೆಳತಿಯರೆಲ್ಲ ಸ್ಮಿತಾ, ಸ್ವಾತಿ, ದೀಪ್ತಿ. ಹಾಜರಿ ಕರೆಯುವಾಗ 'ತುಳಜಾಬಾಯಿ ವಿಠ್ಠಲರಾವ್' ಎಂದರೆ ಹಿಂದಿನ ಬೆಂಚಿನ ಹುಡುಗರು ಮುದುಕಿಯಂತೆ ಕೆಮ್ಮುತ್ತಿದ್ದರು. ಮೂರು ವರ್ಷ ಆ ಕೆಮ್ಮು ಕೇಳಿಸಿಕೊಂಡು, ಕೊನೆಗೆ ರಸಾಯನಶಾಸ್ತ್ರದಲ್ಲಿ ಕಾಲೇಜಿಗೇ ಮೊದಲು ಬಂದಾಗ ಫಲಕದ ಮೇಲೆ ಬರೆದದ್ದೂ ಅದೇ ಹೆಸರು. ಆವತ್ತು ಯಾರೂ ಕೆಮ್ಮಲಿಲ್ಲ.

ಯುಗಾದಿಗೆ ನನ್ನನ್ನು ಗಾಜಿಪುರದ ಮನೆಗೆ ಊಟಕ್ಕೆ ಕರೆದರು. ನಡುಮನೆಯ ಶೋಕೇಸಿನ ಗಾಜಿಗೆ ಒಂದು ಬಣ್ಣದ ಚಿತ್ರ ಅಂಟಿಸಿದ್ದರು. ಅದೇ ಆಟದ ಗೊಂಬೆ. ಮೊದಲನೆಯ ಮೈಬಣ್ಣ, ಹಾಲಿನ ಕೆನೆಯಂಥದು. ಕನ್ನಡಕ ಇಲ್ಲ. ಕೂದಲು ಬೆನ್ನ ತುಂಬ ಹರಡಿದೆ. ಉದ್ದ ಲಂಗದ ಮೇಲೆ ಯಾರೋ ಸ್ಕೆಚ್ ಪೆನ್ನಿನಿಂದ ಸೆರಗು ಬರೆದು ಸೀರೆ ಮಾಡಿದ್ದಾರೆ. ಕೆಳಗೆ ಇಂಗ್ಲಿಷಿನಲ್ಲಿ ಹೆಸರು: ಮಾನಸಿ.

"ಯಾರಿದು?" ಎಂದೆ.

ಮುಕುಂದನ ತಾಯಿ ಸಕ್ಕೂಬಾಯಿ ಹೂರಣದ ಕೈ ಒರೆಸುತ್ತ ಹೊರಗೆ ಬಂದರು. "ಇನ್ನ್ಯಾರು? ನಮ್ಮ ಸೊಸಿ. ವನಮಾಲಾ ಮಾಡ್ಯಾಳ. ಛಂದ ಬಂದಾಳ ನೋಡು."

ವನಮಾಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ತುಟಿಗೆ ಬೆರಳಿಟ್ಟು ತಾಯಿಗೆ ಸನ್ನೆ ಮಾಡಿದಳು. ನನಗೆ ಅರ್ಥವಾಯಿತು. ನಮ್ಮವರಲ್ಲಿ ಲಗ್ನವಾಗಿ ಹುಡುಗಿ ಗಂಡನ ಮನೆ ಹೊಕ್ಕ ದಿನ ಅವಳಿಗೆ ಹೊಸ ಹೆಸರು ಇಡುತ್ತಾರೆ. ತಾಟಿನಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಆ ಹೆಸರನ್ನು ಅಕ್ಕಿಯ ಮೇಲೆ ಬರೆಯಬೇಕು. ಆಮೇಲೆ ಅತ್ತೆ ಬಂದವರಿಗೆಲ್ಲ ಸಕ್ಕರೆ ಹಂಚಿ ಹೆಸರು ಸಾರುತ್ತಾಳೆ. ಅಲ್ಲಿಯವರೆಗೆ ಗುಟ್ಟು. ಹುಡುಗಿಯನ್ನು ಯಾರೂ ಕೇಳುವುದಿಲ್ಲ. ಕೇಳುವ ರೂಢಿಯೇ ಇಲ್ಲ. ಇತ್ತೀಚೆಗೆ ಬಹಳ ಮನೆಗಳಲ್ಲಿ ಇದನ್ನು ಬಿಟ್ಟಿದ್ದಾರೆ, ಈ ಮನೆಯವರೂ ಬಿಟ್ಟಿರುತ್ತಾರೆ ಎಂದುಕೊಂಡಿದ್ದೆ. ಕೇಳಿ ಖಚಿತ ಮಾಡಿಕೊಳ್ಳದೆ ಹಾಗೆ ಅಂದುಕೊಂಡದ್ದು ನನ್ನ ತಪ್ಪು.

ಊಟದ ನಂತರ ಮುಕುಂದ ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಡಲು ಬಂದ. ಕೇಳಿದೆ.

"ಆಟ ಅದು, ತುಳಜಾ. ಹುಡುಗಿ ಮಾಡ್ಯಾಳ. ಅಷ್ಟ್ಯಾಕ ಮನಸ್ಸಿಗೆ ಹಚ್ಕೋತಿ?"

"ನನ್ನ ಬಣ್ಣ ತೆಗೆದಾರ, ಕನ್ನಡಕ ತೆಗೆದಾರ, ಹೆಸರೂ ತೆಗೆದಾರ. ಇನ್ನ ಉಳಿದಿದ್ದು ಏನ್ರಿ, ಚಪ್ಪಲಿ?"

ಅವನು ನಕ್ಕ. ನಾನು ನಗಲಿಲ್ಲ. ಬಸ್ಸು ಬಂತು.

ಮುಂದಿನ ವಾರ ವಾರ್ಷಿಕ ಪರೀಕ್ಷೆ ನಡೆಯುತ್ತಿತ್ತು. ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಜವಾನ ದೌಲಪ್ಪ ಒಳಗೆ ಬಂದು, ಬಾಗಿಲು ಮುಂದೆ ಮಾಡಿ, ದನಿ ಇಳಿಸಿ ಕೇಳಿದ:

"ಮೇಡಮ್ಮರ, ಒಂದ್ ಮಾತು. ನಿಮ್ಮ ಲಗ್ನ ಮುರದದೇನ್ರಿ?"

"ಏನು?"

"ಹೆಡ್‌ಮಾಸ್ತರಿಗೆ ಕಾರ್ಡ್ ಬಂದದ್ರಿ. ಅದೇ ತಾರೀಖು, ಅಕ್ಷಯ ತದಿಗಿ. ಅದೇ ವರ. ಹುಡುಗಿ ಬ್ಯಾರೆ ಅದಾಳ್ರಿ."

ಹೆಡ್‌ಮಾಸ್ತರರು ಮುಕುಂದನ ಸೋದರಮಾವನಿಗೆ ಪರಿಚಯ. ಅವರ ಕೋಣೆಗೆ ಹೋದೆ. ಕಾರ್ಡನ್ನು ಮೇಜಿನ ಖಾನೆಯೊಳಗೆ ಮುಚ್ಚಿಟ್ಟಿದ್ದರು, ಸಾವಿನ ಸುದ್ದಿಯ ಪತ್ರವನ್ನು ಮುಚ್ಚಿಡುವ ಹಾಗೆ. ಕೇಳಿದ ಮೇಲೆ ನೆಲ ನೋಡುತ್ತ ತೆಗೆದು ಕೊಟ್ಟರು. ಕೆಂಪು ಕಾರ್ಡು, ಬಂಗಾರದ ಅಕ್ಷರ. ಚಿ. ಮುಕುಂದ. ಚಿ.ಸೌ. ಮಾನಸಿ. ಕೆಳಗೆ ಕಂಸದಲ್ಲಿ 'ಕಮಲಾಪುರದ ಶ್ರೀ ವಿಠ್ಠಲರಾಯರ ಸುಪುತ್ರಿ'.

"ನಿಮ್ಮ ತಂದೆಯವರಿಗೆ ಇನ್ನೊಬ್ಬ ಮಗಳು ಅದಾರೇನು?" ಎಂದು ಅವರು ಬಹಳ ಮೆಲ್ಲಗೆ ಕೇಳಿದರು.

ನಡೆದದ್ದು ಇಷ್ಟು. ಕಾರ್ಡಿನ ಮಜಕೂರು ಬರೆದು ಪ್ರೆಸ್ಸಿಗೆ ಕೊಡುವ ಕೆಲಸ ವನಮಾಲಾಳಿಗೆ ಬಿದ್ದಿತ್ತು. ಎರಡು ತಿಂಗಳಿಂದ ಆ ಮನೆಯಲ್ಲಿ ನನ್ನನ್ನು ಮಾನಸಿ ಎಂದೇ ಕರೆಯುತ್ತಿದ್ದರಂತೆ. ಶೋಕೇಸಿನ ಮೇಲೂ ಮಾನಸಿ. ಹುಡುಗಿ ಮಾನಸಿ ಎಂದೇ ಬರೆದಳು. ಕರಡು ತಿದ್ದಿದ ಮುಕುಂದ ಮುಹೂರ್ತದ ಗಳಿಗೆ, ವಿಘಳಿಗೆ ಎಲ್ಲ ಸರಿ ನೋಡಿದ. ಹೆಸರಿನಲ್ಲಿ ಅವನಿಗೂ ಏನೂ ತಪ್ಪು ಕಾಣಲಿಲ್ಲ.

ಇಡೀ ಕಮಲಾಪುರಕ್ಕೆ ನಮ್ಮ ಕಡೆಯ ಕಾರ್ಡೂ ಹೋಗಿತ್ತು. ಅದರಲ್ಲಿ ತುಳಜಾ. ಎರಡೂ ಕಾರ್ಡು ಬಂದ ಮನೆಗಳಲ್ಲಿ ಎರಡನ್ನೂ ಪಕ್ಕಪಕ್ಕ ಹಿಡಿದು ಓದಿದರು. ಬಾಳೆಹಣ್ಣಿನ ಗಾಡಿಯ ಫಕ್ರುದ್ದೀನ್ ಚಾಚಾ ನನ್ನನ್ನು ತಡೆದು, "ಬೇಟಿ, ಒಂದೇ ಮಂಟಪದಾಗ ಎರಡು ಲಗ್ನಾ?" ಎಂದರು. ತಮಾಷೆ ಮಾಡುತ್ತಿರಲಿಲ್ಲ. ಕಾಳಜಿಯಿಂದಲೇ ಕೇಳಿದರು. ಅದಕ್ಕೇ ನನಗೆ ಹೆಚ್ಚು ಉರಿಯಿತು.

ಮನೆಗೆ ಬಂದು ಕಾರ್ಡನ್ನು ಅಪ್ಪನ ಮುಂದಿಟ್ಟೆ. ಅಪ್ಪ ಪೋಸ್ಟ್ ಆಫೀಸಿನಿಂದ ನಿವೃತ್ತನಾದವನು, ವಿಳಾಸ ತಪ್ಪಿದ ಕಾಗದವನ್ನು ತಿರುಗಿಸಿ ನೋಡುವ ಹಾಗೆ ಹಿಂದೆ ಮುಂದೆ ನೋಡಿದ. ಮೊದಲು ಅವನಿಗೂ ಸಿಟ್ಟು ಬಂತು.

"ಇದೇನು ರೀತಿ? ಧಾರಿ ಎರೆಯೋವಾಗ ನಾ ಏನಂತ ಹೇಳ್ಲಿ? ಇಲ್ಲದ ಮಗಳನ್ನ ದಾನಾ ಕೊಡ್ಲ್ಯಾ?"

ಅರ್ಧ ತಾಸಿನಲ್ಲಿ ಆ ಸಿಟ್ಟು ಇಳಿಯಿತು. "ಹೋಗ್ಲಿ ಬಿಡು. ಹುಡುಗು ತಪ್ಪು. ಹೆಂಗೂ ಆ ಹೆಸರೇ ಇಡೋರು ಇದ್ದರು. ನಮ್ಮೊಳಗ ಎಲ್ಲಾರ ಹೆಸರೂ ಬದಲಿ ಆಗ್ಯಾವ. ನಿಮ್ಮವ್ವಂದು ಆಗಿಲ್ಲೇನು?"

ನಾನು ಅವ್ವನ ಕಡೆ ತಿರುಗಿದೆ. ಅವ್ವ ಗೋಡೆಗೆ ಒರಗಿ ಕುಳಿತು ಬತ್ತಿ ಹೊಸೆಯುತ್ತಿದ್ದಳು. ಇಪ್ಪತ್ತೈದು ವರ್ಷ ಅವಳ ಕೈ ಅನ್ನ ಉಂಡವಳು ನಾನು. ಮಥುರಾಬಾಯಿ ಎನ್ನುವುದು ಅವಳಿಗೆ ಇಟ್ಟ ಎರಡನೆಯ ಹೆಸರು ಎಂದು ಆವತ್ತು ಗೊತ್ತಾಯಿತು.

"ಮೊದಲು ಏನಿತ್ತು?"

"ಗೋದಾವರಿ," ಎಂದಳು. ತಲೆ ಎತ್ತಲಿಲ್ಲ. "ಗೋದಿ ಅಂತಿದ್ರು. ನಮ್ಮಪ್ಪ ಇರೋತನಕ ಅಂದ. ಆಮ್ಯಾಲ ಯಾರಿದ್ರು ಅನ್ನಲಿಕ್ಕೆ?"

"ನಿನಗ ಬ್ಯಾಸರ ಆಗ್ಲಿಲ್ಲಾ?"

"ಬ್ಯಾಸರ ಅನ್ನೋದಲ್ಲ. ಯಾರರ ಮಥುರಾ ಅಂತ ಕರೆದ್ರ ಒಂದು ವರ್ಷ ತನಕಾ ಹೊರಳಿ ನೋಡ್ತಿದ್ದೆ, ನನ್ನ ಹಿಂದ ಯಾರು ನಿಂತಾರ ಅಂತ. ನಿಮ್ಮಜ್ಜಿ ಬೈತಿದ್ದಳು, ಹುಡುಗಿ ಕಿವುಡಿ ಅದ ಅಂತ."

"ಅಜ್ಜಿಗೂ ಮೊದಲು ಬೇರೆ ಹೆಸರು ಇತ್ತೇನು?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಪ್ಪ ಕಾರ್ಡನ್ನು ಕೆಳಗಿಟ್ಟ. "ಇದ್ದಿರಬೇಕು. ತುಳಜಾ ಅನ್ನೋದು ಇಲ್ಲಿ ಇಟ್ಟಿದ್ದು. ಮೊದಲಿಂದು... ನಾ ಕೇಳಲೇ ಇಲ್ಲ."

ಹೆತ್ತ ಮಗನಿಗೆ ತಾಯಿಯ ಹೆಸರು ಗೊತ್ತಿರಲಿಲ್ಲ. ನಾನು ಕಾಪಾಡಿಕೊಳ್ಳಬೇಕೆಂದು ಹೊರಟಿದ್ದ ಹೆಸರೂ ಒಬ್ಬಳ ಹೆಸರು ಅಳಿಸಿದ ಮೇಲೆ ಬರೆದದ್ದು. ಇದು ನನ್ನ ವಾದವನ್ನು ದುರ್ಬಲಗೊಳಿಸುತ್ತದೆಯೋ ಎಂದು ರಾತ್ರಿಯಲ್ಲ, ಮರುದಿನ ಪರೀಕ್ಷಾ ಕೋಣೆಯಲ್ಲಿ ಮೂರು ತಾಸು ಅಡ್ಡಾಡುತ್ತ ಯೋಚಿಸಿದೆ. ಪ್ರಯೋಗಶಾಲೆಯಲ್ಲಿ ನಮಗೆ ಮೊದಲ ದಿನ ಕಲಿಸಿದ ಪಾಠವೇ ಬಾಟಲಿಯ ಮೇಲಿನ ಚೀಟಿಯನ್ನು ಮುಟ್ಟಬಾರದು ಎಂಬುದು. ಒಳಗಿನ ದ್ರವವನ್ನು ಕಾಯಿಸಿ, ಸೋಸಿ, ಬಣ್ಣ ಬದಲಿಸಿ; ಚೀಟಿ ಬದಲಿಸಿದರೆ ಅದುವರೆಗೆ ಬರೆದಿಟ್ಟದ್ದೆಲ್ಲ ಸುಳ್ಳು. ಹಿಂದೆ ಒಬ್ಬರು ಚೀಟಿ ಬದಲಿಸಿದ್ದರು ಎಂಬುದು ಈಗ ಬದಲಿಸುವುದಕ್ಕೆ ಅನುಮತಿ ಆಗುವುದಿಲ್ಲ. ನನ್ನ ಹೆಸರು ಯಾರಿಂದ ಬಂತು ಎಂಬುದು ಬೇರೆ. ಅದರಲ್ಲಿ ಬದುಕಿದವಳು ನಾನು.

ಶನಿವಾರ ಯಾರಿಗೂ ಹೇಳದೆ ಕಲಬುರಗಿಗೆ ಹೋದೆ. ಮೊದಲು ಚಾಂದಪಾಶಾ ಸೆಂಟರ್. ಅಂದುಕೊಂಡ ಹಾಗೆ ವನಮಾಲಾ ಮೂಲೆಯ ಕಂಪ್ಯೂಟರಿನಲ್ಲಿದ್ದಳು. ಪರದೆಯ ಮೇಲೆ ಮಾನಸಿಗೆ ಹಳದಿ ಕೊಡೆ ಕೊಡುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಬಿಳುಪೇರಿತು.

"ವೈನಿ, ಕಾರ್ಡಿಂದು ನಂದೇ ತಪ್ಪು. ಆಯಿ ಹೊಡೆಯೋದೊಂದು ಬಾಕಿ ಅದ."

"ಹೊಡೆಯೋದು ಇರ್ಲಿ. ಈ ಗೊಂಬೀ ಬಣ್ಣ ಬದಲಿ ಮಾಡು."

ಮಾಡಿದಳು. ಆರನೆಯ ಬಣ್ಣ. ಕನ್ನಡಕ ಹಾಕು ಎಂದೆ, ಹಾಕಿದಳು. ಕೂದಲು ಕಟ್ಟು, ಕಟ್ಟಿದಳು. ಎರಡು ನಿಮಿಷದಲ್ಲಿ ಮೈಬಣ್ಣ, ಕಣ್ಣು, ತಲೆ, ಬಟ್ಟೆ ಎಲ್ಲ ಬೇರೆಯಾಯಿತು.

"ಈಗ ಹೆಸರು ಬದಲಿ ಮಾಡು."

ಅವಳು ಹೆಸರಿನ ಮೇಲೆ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಕೆಂಪು ಅಕ್ಷರದಲ್ಲಿ ಒಂದು ಸಾಲು ಬಂತು. ಅವಳು ಮೆಲ್ಲಗೆ ಓದಿ, ನಮ್ಮ ಮಾತಿನಲ್ಲಿ ಹೇಳಿದಳು: "ಒಮ್ಮೆ ಇಟ್ಟ ಹೆಸರು ಬದಲಿ ಮಾಡ್ಲಿಕ್ಕೆ ಬರಂಗಿಲ್ಲಂತ."

ಚಾಂದಪಾಶಾ ತಮ್ಮ ಕುರ್ಚಿಯಿಂದಲೇ ಕೂಗಿದರು, "ಅದು ಆಗಲ್ಲ ಮೇಡಂ. ಕಣ್ಣು, ಮೂಗು, ಕಪಡಾ, ಎಲ್ಲಾ ಬದ್ಲಿ ಮಾಡ್ರಿ. ನಾಮ್ ಬದ್ಲಿ ಆದ್ರ ಯಾವ ಗೊಂಬಿ ಯಾರ್ದು ಅಂತ ಆಟಕ್ಕ ಹೆಂಗ ತಿಳೀಬೇಕು?"

ಯಾವುದೋ ದೇಶದಲ್ಲಿ ಕುಳಿತು, ಮಕ್ಕಳ ಹೊತ್ತು ಕಳೆಯಲು ಆಟ ಮಾಡಿದವನಿಗೂ ಗೊತ್ತಿತ್ತು, ಹೆಸರು ಮುಟ್ಟಬಾರದೆಂದು. ಗೊಂಬೆಗೆ ಇದ್ದ ಆ ಮರ್ಯಾದೆ ನನಗೆ ಇರಲಿಲ್ಲ.

"ನಡಿ," ಎಂದೆ ವನಮಾಲಾಳಿಗೆ. "ಮನಿಗೆ ಹೋಗೂಣು."

ಸಕ್ಕೂಬಾಯಿ ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ ಸಂಡಿಗೆ ಇಡುತ್ತಿದ್ದರು. ಬಿಸಿಲಿಗೆ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡಿದ್ದರು. ಲಗ್ನಕ್ಕೆ ಮೂರು ವಾರ ಇರುವಾಗ ಸೊಸೆಯಾಗುವವಳು ಹೇಳದೆ ಕೇಳದೆ ಬಂದು ಮಾಳಿಗೆ ಹತ್ತುವುದು ನಮ್ಮವರಲ್ಲಿ ಇಲ್ಲ. ಅವರು ಸವುಟು ಹಿಡಿದೇ ನಿಂತರು.

"ಯಾಕವಾ? ಎಲ್ಲಾ ಸೌಖ್ಯ?"

"ಅತ್ಯಾರ, ಕಾರ್ಡಿನ್ಯಾಗ ನನ್ನ ಹೆಸರಿಲ್ಲ."

"ಅದಾ? ಈ ಮಂಗ್ಯಾ ಮಾಡಿದ್ದು. ಬೈದೀನಿ. ಹೆಸರು ಗುಟ್ಟಿರಬೇಕಿತ್ತು, ಬೈಲಾತು."

"ಬೈಲಾಗಿದ್ದಕ್ಕ ನನಗ ಸಿಟ್ಟಿಲ್ರಿ. ಹೆಸರು ಬದಲಿ ಮಾಡೋದಕ್ಕ ಅದ."

ಅವರು ಸವುಟನ್ನು ಹಿಟ್ಟಿನ ಪಾತ್ರೆಯಲ್ಲಿ ಇಟ್ಟರು. "ಮಾನಸಿ ಅನ್ನೋದು ಛೊಲೋ ಇಲ್ಲೇನು? ಬ್ಯಾರೆ ಬೇಕಿತ್ತಂದ್ರ ಬ್ಯಾರೆ ಇಡೋಣು. ಮೃಣಾಲಿನಿ ಅನ್ನು. ಮುದುಕ್ಯಾರ ಹೆಸರು ಹೊತಗೊಂಡು ಹೊಸ ಮನಿಗೆ ಯಾಕ ಬರ್ತಿ?"

"ಬ್ಯಾರೆ ಬ್ಯಾಡ್ರಿ. ಇದ್ದದ್ದೇ ಬೇಕು."

"ನೋಡವಾ, ನಾನೇನು ನನ್ನ ಹೆಸರು ಇಟಗೊಂಡು ಬಂದೀನೇನು? ನಂದು ಶಾಂತಾ ಇತ್ತು. ನಮ್ಮತ್ತಿ ಸಕ್ಕೂಬಾಯಿ ಅಂದ್ರು. ಸಕ್ಕೂಬಾಯಿ ಆದೆ. ಏನು, ಸತ್ತಳೇನು ಶಾಂತಾ?"

"ಎಲ್ಲಿ ಅದಾಳ್ರಿ ಮತ್ತ?"

ಇದನ್ನು ನಾನು ಚುಚ್ಚಬೇಕೆಂದೇ ಕೇಳಿದೆ. ಚುಚ್ಚಿತು. ಅವರ ಮುಖ ಕೆಂಪಾಯಿತು, ಟವೆಲ್ ಬಿಚ್ಚಿ ಕುತ್ತಿಗೆ ಒರೆಸಿಕೊಂಡರು. ವನಮಾಲಾ ಬಾಯಿ ಹಾಕಿದಳು, "ಆಯಿ, ಆಟದಾಗೂ ಹೆಸರು ಬದಲಿ ಮಾಡ್ಲಿಕ್ಕೆ ಬರಂಗಿಲ್ಲ. ನಾ ಈಗ ನೋಡಿ ಬಂದೆ."

"ನಿನ್ನ ಆಟಕ್ಕ ಬೆಂಕಿ ಹಚ್ಚಲಿ! ಅದರಿಂದನ ಇಷ್ಟೆಲ್ಲಾ." ಮಗಳ ಮೇಲಿನ ಕೂಗನ್ನು ಹಾಗೇ ನನ್ನ ಕಡೆ ತಿರುಗಿಸಿದರು. "ನಾಕು ಬುಕ್ಕು ಓದೀದಂದ್ರ ರೀತಿ ರಿವಾಜು ಎಲ್ಲಾ ಸುಳ್ಳೇನು? ನೂರಾ ಎಂಟು ಮಂದಿ ಸೊಸೆಂದಿರು ಬಂದಾರ ಈ ಮನಿತನಕ್ಕ. ಒಬ್ಬಾಕಿನರ ಇದನ್ನ ಕೇಳಿದ್ದು ಅದ ಏನು?"

"ಕೇಳಿದ್ರ ಅವರ ಹೆಸರು ನಿಮಗ ಗೊತ್ತಿರ್ತಿತ್ರಿ. ಹೇಳ್ರಿ, ನಿಮ್ಮತ್ತಿ ತವರು ಹೆಸರು ಏನು?"

ಅವರಿಗೆ ಗೊತ್ತಿರಲಿಲ್ಲ. ಕಾಗೆಯೊಂದು ಬಂದು ಸಂಡಿಗೆಯ ತುದಿಯಲ್ಲಿ ಕುಳಿತಾಗ ಅವರು ಅದಕ್ಕೆ ಬೈದರು, ನನಗೆ ಬೈದದ್ದಕ್ಕಿಂತ ಜೋರಾಗಿ.

"ತಾಟಿನ್ಯಾಗ ಬರೆಯೋದು ನಾ ಅಲ್ಲ," ಎಂದರು ಕೊನೆಗೆ. "ನಿನ್ನ ಗಂಡ ಆಗೋನು. ಅವನ್ನ ಕೇಳು. ಹೊಸದಾಗಿ ಕಾರ್ಡ್ ಹೊಡಸೋದು ಮಾತ್ರ ಆಗಂಗಿಲ್ಲ."

ಮುಕುಂದ ಕಚೇರಿಯಿಂದ ಬರುವವರೆಗೆ ಕೆಳಗೆ ಕಟ್ಟೆಯ ಮೇಲೆ ಕುಳಿತಿದ್ದೆ. ಒಳಗಿನಿಂದ ಯಾರೂ ನೀರು ಬೇಕೇನು ಎಂದು ಕೂಡ ಕೇಳಲಿಲ್ಲ. ಅವನು ಬಂದು, ನನ್ನನ್ನು ನೋಡಿ, ಮಾಳಿಗೆಯ ಕಡೆ ನೋಡಿ, ಸ್ಕೂಟರನ್ನು ಮತ್ತೆ ತಿರುಗಿಸಿದ. ಬಸ್ ಸ್ಟ್ಯಾಂಡಿನ ಹೊರಗೆ ಕಬ್ಬಿನ ಹಾಲಿನ ಗಾಡಿಯ ಬಳಿ ನಿಂತು ಮಾತಾಡಿದೆವು.

"ನಿಮಗ ತುಳಜಾ ಅನ್ನೋ ಹೆಸರು ಸೇರಂಗಿಲ್ಲೇನ್ರಿ?"

"ಸೇರ್ತದ. ಖರೇ ಹೇಳ್ತೀನಿ, ನನಗ ಯಾವುದಾದ್ರೂ ನಡೀತದ."

"ನನಗ ನಡ್ಯಂಗಿಲ್ಲ. ಅಕ್ಕಿ ಮ್ಯಾಲ ಬ್ಯಾರೆ ಹೆಸರು ಬರೀತೀನಿ ಅಂದ್ರ ಈಗ ಹೇಳ್ರಿ. ಅಪ್ಪಗ ನಾ ತಿಳಿಸ್ತೀನಿ. ಕಾರ್ಡಿನ್ಯಾಗಿರೋ ಹುಡುಗೀನ ಹುಡುಕಿ ಲಗ್ನ ಮಾಡ್ಕೊಳ್ರಿ."

ಅವನು ಕಬ್ಬಿನ ಹಾಲಿನ ಗ್ಲಾಸನ್ನು ಕೈಯಲ್ಲಿ ತಿರುಗಿಸಿದ. ಹೆದರಿದ್ದ ಎಂದು ಗೊತ್ತಾಯಿತು. ನನಗೋ ತಾಯಿಗೋ ತಿಳಿಯಲಿಲ್ಲ. ಕಡೆಗೆ ಹೇಳಿದ: "ಆಯ್ತು. ತುಳಜಾ ಅಂತನ ಬರೀತೀನಿ. ಆಯಿಗೆ ಈಗ ಹೇಳೋದು ಬ್ಯಾಡ. ಆವತ್ತು ಬರೆದುಬಿಡ್ತೀನಿ, ಮುಗೀತು."

ಮುಚ್ಚಿಟ್ಟು ಕೊಟ್ಟ ಮಾತು ನನಗೆ ಹಿಡಿಸಲಿಲ್ಲ. ಆದರೂ ಒಪ್ಪಿದೆ.

ಅಕ್ಷಯ ತದಿಗೆಯ ದಿನ ಕಮಲಾಪುರದಲ್ಲಿ ಲಗ್ನವಾಯಿತು. ಅಪ್ಪ ಧಾರೆ ಎರೆಯುವಾಗ 'ತುಳಜಾನಾಮ್ನೀಂ' ಎಂಬುದನ್ನು ಬೇಕೆಂದೇ ಜೋರಾಗಿ ಹೇಳಿದ. ಗಂಡಿನ ಕಡೆಯ ಕೆಲವರು ಒಬ್ಬರಿಗೊಬ್ಬರು ಕಾರ್ಡಿನ ಮಾತಾಡಿದರು. ಸಂಜೆಗೆ ಗಾಜಿಪುರದ ಮನೆ ಹೊಕ್ಕೆ. ನಡುಮನೆಯಲ್ಲಿ ನಲವತ್ತು ಐವತ್ತು ಹೆಂಗಸರು. ಶೋಕೇಸಿನ ಗಾಜಿನ ಮೇಲೆ ಚಿತ್ರ ಕಿತ್ತ ಅಂಟಿನ ಗುರುತು ಮಾತ್ರ ಇತ್ತು. ನಡುವೆ ಮಣೆ, ಅದರ ಮುಂದೆ ಹಿತ್ತಾಳೆಯ ತಾಟು, ತಾಟಿನ ತುಂಬ ಅಕ್ಕಿ. ಫೋಟೋಗ್ರಾಫರ್ ಇಮಾಮುದ್ದೀನ್ ಕುರ್ಚಿಯ ಮೇಲೆ ಹತ್ತಿ ಕ್ಯಾಮೆರಾ ಕೆಳಗೆ ಹಿಡಿದು ನಿಂತಿದ್ದ.

"ಬರೀರಿ ಮುಕುಂದರಾವ್, ಬೆರಳು ಕಾಣೋ ಹಂಗ."

ಮುಕುಂದ ಉಂಗುರ ಹಿಡಿದ. ತಾಯಿಯ ಮುಖ ನೋಡಿದ. ಸಕ್ಕೂಬಾಯಿ ಸಕ್ಕರೆಯ ಬಟ್ಟಲು ಹಿಡಿದು ಅವನ ಎದುರಿಗೇ ನಿಂತಿದ್ದರು. ಉಂಗುರ ಅಕ್ಕಿಗೆ ತಾಗಿತು. ಮೊದಲನೆಯ ಅಕ್ಷರ ಬಂತು.

'ಮಾ'.

ನಾನು ಅದನ್ನು ತಲೆಕೆಳಗಾಗಿ ಓದಿದೆ. ತಪ್ಪು ಓದಿದೆನೇನೋ ಎಂದು ಇನ್ನೊಮ್ಮೆ ಓದಿದೆ. ಪ್ರಯೋಗದಲ್ಲಿ ಹಾಗೆ ಮಾಡುವುದು ನನ್ನ ರೂಢಿ, ಅಳತೆಯನ್ನು ಎರಡು ಸಲ ನೋಡುವುದು. 'ಮಾ' ಎಂದೇ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ಕೊಟ್ಟ ಮಾತು ಮೂರೇ ವಾರ ಬಾಳಿತು.

ಹಸಿರು ಬಳೆ ತುಂಬಿದ ಕೈ ಮುಂದೆ ಚಾಚಿ ಅಂಗೈಯನ್ನು ಅಕ್ಕಿಯ ಮೇಲಿಟ್ಟು ಸವರಿದೆ. ಅಕ್ಷರ ಹೋಯಿತು. ಒಬ್ಬ ಮುದುಕಿ "ಅಯ್ಯಯ್ಯ, ಏನ್ ಮಾಡ್ತದ ಹುಡುಗಿ!" ಎಂದಳು.

"ತಪ್ಪಾತು ಕಾಣ್ತದ್ರಿ," ಎಂದೆ ಮುಕುಂದನಿಗೆ, ಎಲ್ಲರಿಗೂ ಕೇಳುವ ಹಾಗೆ. "ಇನ್ನೊಮ್ಮೆ ಬರೀರಿ."

"ಅಕ್ಕಿ ಕೆಡಸಬಾರದವಾ, ಅಪಶಕುನ," ಎಂದು ಸಕ್ಕೂಬಾಯಿ ಮುಂದೆ ಬಂದರು.

"ಕೆಡಿಸಿಲ್ರಿ ಅತ್ಯಾರ. ಸಮಾ ಮಾಡೀನಿ."

ನಾನು ಕೈ ತೆಗೆಯಲಿಲ್ಲ, ತಾಟಿನ ಅಂಚನ್ನು ಹಿಡಿದೇ ಇದ್ದೆ. ಮುಕುಂದನ ಹಣೆಯ ಬಾಸಿಂಗದ ಕೆಳಗೆ ಬೆವರು ಹರಿಯುತ್ತಿತ್ತು. ಅವನು ಈ ಸಲ ತಾಯಿಯ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ತಲೆ ಬಗ್ಗಿಸಿ ಬರೆದ. ತು. ಳ. ಜಾ. ಕೊನೆಯ ಅಕ್ಷರ ಬರೆಯುವಾಗ ಜಾಗ ಸಾಲದೆ ನಾಲ್ಕು ಕಾಳು ನೆಲಕ್ಕೆ ಬಿದ್ದವು.

"ಹಾಂ, ಬಂತು, ಬಂತು," ಎಂದು ಇಮಾಮುದ್ದೀನ್ ಫ್ಲ್ಯಾಷ್ ಹೊಡೆದ.

ಇನ್ನು ಸಕ್ಕರೆ ಹಂಚಬೇಕು. ಅದು ಅತ್ತೆಯ ಕೆಲಸ. ಬೇರೆ ಯಾರೂ ಮಾಡುವಂತಿಲ್ಲ. ಸಕ್ಕೂಬಾಯಿ ಬಟ್ಟಲು ಹಿಡಿದು ಮೊದಲನೆಯ ಸಾಲಿಗೆ ಹೋದರು. ಮುಂದೆ ಕುಳಿತಿದ್ದ ಮುದುಕಿ ಅಂಗೈ ಚಾಚಿ, ಕಿವಿಗೆ ಕೈ ಹಚ್ಚಿ ಕೇಳಿದಳು, "ಏನಿಟ್ರಿ ಹೆಸರು?"

ಸಕ್ಕೂಬಾಯಿ ಒಂದು ಚಿಟಿಕೆ ಸಕ್ಕರೆಯನ್ನು ಅವಳ ಕೈಗೆ ಹಾಕಿದರು.

"ಇದ್ದದ್ದೇ," ಎಂದರು.

"ಆಂ?"

"ಇದ್ದದ್ದೇ ಅಂದೆನಲ್ಲಾ! ತುಳಜಾ."

ಎರಡನೆಯವಳೂ ಕೇಳಿದಳು. ಮೂರನೆಯವಳೂ ಕೇಳಿದಳು. ಅದು ರೂಢಿ, ಪ್ರತಿಯೊಬ್ಬಳೂ ಕೇಳಿಯೇ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು. ಐವತ್ತು ಹೆಂಗಸರಿಗೂ ಅವರು ನನ್ನ ಹೆಸರನ್ನು ತಮ್ಮ ಬಾಯಿಂದಲೇ ಹೇಳಿದರು, ಒಂದೊಂದು ಸಲಕ್ಕೂ ದನಿ ಇನ್ನಷ್ಟು ಬಿರುಸಾಯಿತು. ನನ್ನ ಪಕ್ಕದಲ್ಲಿ ಮುಕುಂದ ಹಗುರಾದವನಂತೆ ಉಸಿರು ಬಿಟ್ಟು, "ಆತಲ್ಲ, ನೀ ಹೇಳಿದಂಗ?" ಎಂದು ಪಿಸುಗುಟ್ಟಿದ.

ಅವನು ಮೊದಲು ಬರೆದ ಅಕ್ಷರ ಯಾವುದು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅದನ್ನು ಅಕ್ಕಿಯ ಮೇಲಿಂದ ಅಳಿಸಿದ್ದೆ, ಅಷ್ಟೆ. ತಾಟು ಬಿಟ್ಟು ಎದ್ದು, ಕನ್ನಡಕ ಸರಿಮಾಡಿಕೊಂಡು, ಒಳಗೆ ನಡೆದೆ.